ಈ ಔಷಧಿ ನನಗೆ ಹಿಡಿಯುತ್ತಾ? ಕಂಪ್ಯೂಟರ್ ಹೇಳುವ ಭವಿಷ್ಯವನ್ನು ಎಷ್ಟು ನಂಬಬಹುದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯ ಪ್ರಶ್ನೆ ತುಂಬಾ ಹಳೆಯದು. "ಈ ಔಷಧಿ ನನಗೆ ಹಿಡಿಯುತ್ತಾ?" ಒಂದೇ ಕಾಯಿಲೆ, ಒಂದೇ ಮಾತ್ರೆ. ಪಕ್ಕದ ಮನೆಯವರಿಗೆ ವಾರದಲ್ಲಿ ವಾಸಿ, ನಮಗೆ ತಿಂಗಳಾದರೂ ಇಲ್ಲ. ಇದಕ್ಕೆ ನಮ್ಮ ಹಿರಿಯರ ಹತ್ತಿರ ಒಂದು ಉತ್ತರ ಇತ್ತು: ಡಾಕ್ಟರ ಕೈಗುಣ. ಈಗ ಅದೇ ಪ್ರಶ್ನೆಗೆ ಕಂಪ್ಯೂಟರ್ ಉತ್ತರ ಹೇಳುತ್ತೆ ಅಂತಿದ್ದಾರೆ. ಔಷಧಿ ಕೊಡೋ ಮುಂಚೆಯೇ ಯಾರಿಗೆ ಗುಣ ಕಾಣುತ್ತೆ, ಯಾರಿಗೆ ಇಲ್ಲ ಅಂತ ಮಷೀನ್ ಲರ್ನಿಂಗ್ ಊಹಿಸುತ್ತೆ ಅನ್ನೋ ಸುದ್ದಿ ದಿನಕ್ಕೊಂದು ಬರುತ್ತಿದೆ. ಇದರಲ್ಲಿ ಎಷ್ಟು ನಿಜ? ಇಂಥದ್ದೊಂದು ರಿಪೋರ್ಟ್ ನಮ್ಮ ಕೈಗೆ ಬಂದರೆ ಏನು ಕೇಳಬೇಕು? ಅದನ್ನು ನೋಡೋಣ ಬನ್ನಿ.

ಕಾಯಿ ಅಲ್ಲಾಡಿಸಿ ಹೇಳುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಮಷೀನ್ ಲರ್ನಿಂಗ್ ಅಂದರೇನು ಅಂತ ವಿವರಿಸೋದು ಸುಲಭ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿ ಒಳಗೆ ಉಂಡೆ ಕೊಬ್ಬರಿ ಆಗಿದೆಯಾ ಇಲ್ಲವಾ ಅಂತ ಒಡೆಯದೇ ಹೇಗೆ ಹೇಳ್ತೀರಿ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀರಿ. ನೀರು ಕುಲುಕಿದರೆ ಇನ್ನೂ ಕಾಯಬೇಕು. ನೀರೆಲ್ಲಾ ಇಂಗಿ, ಉಂಡೆ ಚಿಪ್ಪಿಗೆ ತಾಕಿ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ ಅಂತ ಅರ್ಥ. ಇದನ್ನು ಯಾರೂ ಪುಸ್ತಕ ಓದಿ ಕಲಿಯಲಿಲ್ಲ. ಸಾವಿರಾರು ಕಾಯಿ ಅಲ್ಲಾಡಿಸಿ, ಒಡೆದು ನೋಡಿ, ತಪ್ಪಾದಾಗ ತಿದ್ದಿಕೊಂಡು ಕಲಿತದ್ದು.

ಕಂಪ್ಯೂಟರ್ ಮಾಡೋದೂ ಇದನ್ನೇ. ಹಳೆಯ ರೋಗಿಗಳ ದಾಖಲೆ ಕೊಡ್ತಾರೆ. ವಯಸ್ಸು, ರಕ್ತಪರೀಕ್ಷೆ, ಸ್ಕ್ಯಾನ್, ಗೆಡ್ಡೆಯ ಗಾತ್ರ, ಜೀನ್‌ಗಳ ವಿವರ, ಇವೆಲ್ಲ ಕಾಯಿಯ ಸದ್ದು ಇದ್ದ ಹಾಗೆ. ಆ ರೋಗಿಗೆ ಕೊನೆಗೆ ಗುಣ ಆಯಿತಾ ಇಲ್ಲವಾ ಅನ್ನೋದು ಕಾಯಿ ಒಡೆದು ನೋಡಿದ ಹಾಗೆ. ಸದ್ದಿಗೂ ಒಳಗಿನ ಕೊಬ್ಬರಿಗೂ ಇರುವ ನಂಟನ್ನು ಯಂತ್ರ ಹುಡುಕುತ್ತೆ. ಆಮೇಲೆ ಹೊಸ ರೋಗಿ ಬಂದಾಗ, ಇವರ ಹಾಗೇ ಇದ್ದವರಿಗೆ ಹಿಂದೆ ಏನಾಗಿತ್ತು ಅನ್ನೋದರ ಮೇಲೆ ಒಂದು ಅಂಕಿ ಹೇಳುತ್ತೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಯಂತ್ರಕ್ಕೆ ಕಾಯಿಲೆ ಯಾಕೆ ಬಂತು, ಔಷಧಿ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿರಬೇಕಾಗಿಲ್ಲ. ಅದಕ್ಕೆ ಗೊತ್ತಿರೋದು ಹೋಲಿಕೆ ಮಾತ್ರ. ಎರಡು, ಅದು ಯಾವ ಕಾಯಿಗಳ ಮೇಲೆ ಕಲಿಯಿತು ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ತಿಪಟೂರಿನ ಎತ್ತರದ ತಳಿಯ ಕಾಯಿ ಅಲ್ಲಾಡಿಸಿ ಕೈ ಪಳಗಿದವರ ಮುಂದೆ ಬೇರೆ ಸೀಮೆಯ, ಬೇರೆ ತಳಿಯ, ಬೇರೆ ರೀತಿ ಒಣಗಿಸಿದ ಕಾಯಿ ಇಟ್ಟರೆ ಅವರ ಲೆಕ್ಕವೂ ತಪ್ಪಬಹುದು. ಈ ಎರಡನೇ ಮಾತು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಬೆಂಗಳೂರಿನ ಒಂದು ಪರೀಕ್ಷೆ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕಿಬ್ಬನಹಳ್ಳಿ ಕಡೆಯ 52 ವರ್ಷದ ಒಬ್ಬ ಹೆಣ್ಣುಮಗಳು, ಎರಡು ಎಕರೆ ತೆಂಗಿನ ತೋಟ. ಸ್ತನದಲ್ಲಿ ಗಂಟು ಕಾಣಿಸಿತು, ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು, ಆರಂಭದ ಹಂತದಲ್ಲೇ ಆಪರೇಷನ್ ಆಯಿತು. ಈಗ ಪ್ರಶ್ನೆ: ಕೀಮೋಥೆರಪಿ ಬೇಕಾ ಬೇಡವಾ?

ಬೇಕು ಅಂದರೆ ತಿಂಗಳುಗಟ್ಟಲೆ ಓಡಾಟ. ಕೆ.ಬಿ. ಕ್ರಾಸ್‌ನಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ, ಜೊತೆಗೆ ಮನೆಯವರೊಬ್ಬರು ಬರಬೇಕು. ಕೂದಲು ಉದುರುತ್ತೆ, ವಾಂತಿ, ಸುಸ್ತು, ಸೋಂಕಿನ ಭಯ. ಕಾಯಿ ಕೀಳೋ ಹೊತ್ತಿಗೆ ತೋಟ ನೋಡುವವರಿಲ್ಲ. ಬೇಡ ಅಂತ ಬಿಟ್ಟರೆ, ಕ್ಯಾನ್ಸರ್ ಮೂಳೆಗೋ ಶ್ವಾಸಕೋಶಕ್ಕೋ ಹರಡಿ ವಾಪಸ್ ಬಂದರೆ? ಬೇಕಿಲ್ಲದೇ ತೆಗೆದುಕೊಂಡರೂ ನಷ್ಟ, ಬೇಕಿದ್ದೂ ಬಿಟ್ಟರೂ ನಷ್ಟ. ಊಹೆಗೆ ಬೆಲೆ ಬರೋದು ಇಂಥ ಜಾಗದಲ್ಲೇ.

ಸ್ತನ ಕ್ಯಾನ್ಸರ್‌ನಲ್ಲಿ ಹಲವು ಬಗೆ ಇವೆ. ಹಾರ್ಮೋನ್‌ಗೆ ಸ್ಪಂದಿಸುವ, ಹರ್-2 ಅನ್ನೋ ಪ್ರೋಟೀನ್ ಹೆಚ್ಚಾಗಿರದ ಬಗೆಯಲ್ಲಿ, ಆರಂಭದ ಹಂತದ ಅನೇಕರಿಗೆ ಹಾರ್ಮೋನ್ ಮಾತ್ರೆಯಷ್ಟೇ ಸಾಕಾಗಬಹುದು. ಯಾರಿಗೆ ಸಾಕು ಅಂತ ಹೇಳಲು ಬೆಂಗಳೂರಿನ ಆಂಕೊಸ್ಟೆಮ್ ಡಯಾಗ್ನೋಸ್ಟಿಕ್ಸ್ ಎಂಬ ಸಂಸ್ಥೆ ಒಂದು ಪರೀಕ್ಷೆ ರೂಪಿಸಿದೆ. ಸಂಸ್ಥೆಯ ಸ್ಥಾಪಕಿ ವಿಜ್ಞಾನಿ ಮಂಜಿರಿ ಬಕ್ರೆ. ಪರೀಕ್ಷೆಯ ಹೆಸರು ಕ್ಯಾನ್‌ಅಸಿಸ್ಟ್ ಬ್ರೆಸ್ಟ್.

ಅದು ಕೆಲಸ ಮಾಡೋದು ಹೀಗೆ. ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯ ಚೂರಿಗೆ ಬಣ್ಣ ಹಚ್ಚಿ ಐದು ಪ್ರೋಟೀನ್‌ಗಳು ಎಷ್ಟೆಷ್ಟಿವೆ ಅಂತ ನೋಡ್ತಾರೆ. ಅದಕ್ಕೆ ಮೂರು ವಿವರ ಸೇರಿಸ್ತಾರೆ: ಗೆಡ್ಡೆಯ ಗಾತ್ರ, ಅದರ ದರ್ಜೆ, ಕಂಕುಳಿನ ದುಗ್ಧಗ್ರಂಥಿಗೆ ಹರಡಿದೆಯಾ ಅನ್ನೋದು. ಈ ಎಂಟನ್ನೂ ಸಪೋರ್ಟ್ ವೆಕ್ಟರ್ ಮಷೀನ್ ಅನ್ನೋ ಒಂದು ಮಷೀನ್ ಲರ್ನಿಂಗ್ ವಿಧಾನಕ್ಕೆ ಕೊಟ್ಟಾಗ 1ರಿಂದ 100ರ ಒಳಗೆ ಒಂದು ಅಂಕ ಬರುತ್ತೆ. 15.5 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಐದು ವರ್ಷದೊಳಗೆ ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಿ ಮರುಕಳಿಸುವ ಸಾಧ್ಯತೆ ಕಡಿಮೆ ಅಂತ ಲೆಕ್ಕ. ಜಾಸ್ತಿ ಬಂದರೆ ಅಪಾಯ ಹೆಚ್ಚು. ಇದು ಭಾರತದ ರೋಗಿಗಳ ಮಾದರಿಗಳ ಮೇಲೆ ಕಲಿತ ಪರೀಕ್ಷೆ. 2019ರಲ್ಲಿ ಇದರ ಫಲಿತಾಂಶ ಕ್ಯಾನ್ಸರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2023ರಲ್ಲಿ ನೆದರ್ಲೆಂಡ್ಸ್‌ನ ರೋಗಿಗಳ ಒಂದು ಗುಂಪಿನ ಮೇಲೆ, ಹತ್ತು ವರ್ಷದ ಅವಧಿಗೆ ಪರೀಕ್ಷಿಸಿದ ಫಲಿತಾಂಶವೂ ಬಂತು. ಅಂದರೆ ಇಲ್ಲಿ ಕಲಿತದ್ದನ್ನು ಬೇರೆ ದೇಶದ ಹೆಣ್ಣುಮಕ್ಕಳ ಮೇಲೂ ಒರೆಗೆ ಹಚ್ಚಿ ನೋಡಿದ್ದಾರೆ. ಅದು ಮುಖ್ಯ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಇಲ್ಲಿ ಒಂದು ಎಚ್ಚರ. 'ಅಪಾಯ ಕಡಿಮೆ' ಅಂದರೆ 'ಅಪಾಯ ಇಲ್ಲ' ಅಂತಲ್ಲ. ಲೆಕ್ಕಕ್ಕೆ ಹೇಳೋದಾದರೆ, ಕಡಿಮೆ ಅಪಾಯದ ಗುಂಪಿನ 100 ಜನರಲ್ಲಿ 5 ಜನರಿಗೆ ಕ್ಯಾನ್ಸರ್ ವಾಪಸ್ ಬರುತ್ತೆ ಅಂದುಕೊಳ್ಳಿ. ಆ ಐವರು ಯಾರು ಅಂತ ಯಂತ್ರಕ್ಕೂ ಗೊತ್ತಿಲ್ಲ. ಅದು ಹೇಳೋದು ಗುಂಪಿನ ಭವಿಷ್ಯ. ಬದುಕಬೇಕಾದವರು ಮಾತ್ರ ಒಬ್ಬೊಬ್ಬರಾಗಿ ಬದುಕಬೇಕು.

ಭವಿಷ್ಯ ಬೇರೆ, ಔಷಧಿಯ ಗುಣ ಬೇರೆ

ಈಗ ಸ್ವಲ್ಪ ಸೂಕ್ಷ್ಮದ ವಿಷಯ. ಸುದ್ದಿಗಳಲ್ಲಿ ಹೆಚ್ಚಾಗಿ ಕಲಸಿಹೋಗೋದು ಇದೇ.

"ಈ ಮರದ ಇಳುವರಿ ಬರೋ ವರ್ಷ ಬೀಳುತ್ತೆ" ಅನ್ನೋದು ಒಂದು ಮಾತು. "ಬೇವಿನ ಹಿಂಡಿ ಹಾಕಿದರೆ ಈ ಮರದ ಇಳುವರಿ ಏಳುತ್ತೆ" ಅನ್ನೋದು ಇನ್ನೊಂದು ಮಾತು. ಮೊದಲನೆಯದು ಬರೀ ಭವಿಷ್ಯ. ಎರಡನೆಯದು ಔಷಧಿಗೆ ಸ್ಪಂದನೆ. ನುಸಿಪೀಡೆ ಬಂದ ಮರ ಸೊರಗುತ್ತೆ ಅಂತ ಯಾರು ಬೇಕಾದರೂ ಹೇಳಬಹುದು. ಯಾವ ಮದ್ದಿಗೆ ಯಾವ ಮರ ಚೇತರಿಸಿಕೊಳ್ಳುತ್ತೆ ಅಂತ ಹೇಳೋದು ಕಷ್ಟ. ಯಾಕಂದ್ರೆ ಒಂದೇ ಮರಕ್ಕೆ ಒಂದೇ ವರ್ಷ ಮದ್ದು ಹಾಕಿಯೂ, ಹಾಕದೆಯೂ ನೋಡೋಕೆ ಆಗಲ್ಲ. ಮನುಷ್ಯರೂ ಅಷ್ಟೇ. ಒಬ್ಬರೇ ಕೀಮೋ ತೆಗೆದುಕೊಂಡೂ, ತೆಗೆದುಕೊಳ್ಳದೆಯೂ ಇರೋಕೆ ಆಗಲ್ಲ.

ಹಾಗಾದರೆ ಗೊತ್ತಾಗೋದು ಹೇಗೆ? ಒಂದೇ ಥರದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೇ ವರ್ಷಗಟ್ಟಲೆ ಕಾಯಬೇಕು. ಅಮೆರಿಕದ ಆಂಕೊಟೈಪ್ ಡಿಎಕ್ಸ್ ಎಂಬ ಪರೀಕ್ಷೆಗೆ ಹಾಗೆ ಮಾಡಿದ್ದಾರೆ. ಅದು 21 ಜೀನ್‌ಗಳನ್ನು ಅಳೆದು ಒಂದು ಸೂತ್ರದಿಂದ ಅಂಕ ಕೊಡುತ್ತೆ. ಟೇಲರ್‌ಎಕ್ಸ್ ಅನ್ನೋ ಅಧ್ಯಯನದಲ್ಲಿ 10,273 ಹೆಂಗಸರು ಸೇರಿದ್ದರು. ಅವರಲ್ಲಿ ಮಧ್ಯಮ ಅಂಕ, ಅಂದರೆ 11ರಿಂದ 25, ಬಂದವರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಹಾರ್ಮೋನ್ ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಕೀಮೋ. 2018ರಲ್ಲಿ ಫಲಿತಾಂಶ ಬಂತು. ಒಂಬತ್ತು ವರ್ಷದ ಲೆಕ್ಕದಲ್ಲಿ ಕಾಯಿಲೆ ಇಲ್ಲದೇ ಉಳಿದವರು ಕೀಮೋ ಇಲ್ಲದ ಗುಂಪಿನಲ್ಲಿ ಶೇ 83.3, ಕೀಮೋ ಪಡೆದ ಗುಂಪಿನಲ್ಲಿ ಶೇ 84.3. ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ. ಆದರೆ 50 ವರ್ಷ ಮತ್ತು ಅದಕ್ಕಿಂತ ಚಿಕ್ಕವರಲ್ಲಿ, ಅಂಕ 16ರಿಂದ 25 ಇದ್ದವರಿಗೆ ಕೀಮೋದಿಂದ ಸ್ವಲ್ಪ ಲಾಭ ಕಂಡಿತು. ನೋಡಿ, ಒಂದೇ ಅಂಕ, ವಯಸ್ಸು ಬದಲಾದರೆ ಅರ್ಥವೇ ಬದಲಾಯಿತು.

ಹಾಗಾಗಿ ರಿಪೋರ್ಟ್ ಕೈಗೆ ಬಂದಾಗ ಮೊದಲ ಪ್ರಶ್ನೆ ಇದಾಗಿರಬೇಕು: ಇದು ನನ್ನ ಕಾಯಿಲೆಯ ಮುಂದಿನ ದಾರಿ ಹೇಳ್ತಿದೆಯಾ, ಅಥವಾ ಈ ಔಷಧಿಯಿಂದ ನನಗಾಗುವ ಲಾಭ ಹೇಳ್ತಿದೆಯಾ? ಎರಡೂ ಉಪಯೋಗಕ್ಕೆ ಬರುತ್ತವೆ. ಆದರೆ ಒಂದನ್ನು ಇನ್ನೊಂದು ಅಂದುಕೊಂಡರೆ ಮೋಸ ಹೋಗ್ತೀವಿ.

ಗೆಡ್ಡೆಯ ಮೇಲೇ ಔಷಧಿ ಹಾಕಿ ನೋಡೋದು

ಔಷಧಿಯ ಗುಣವನ್ನೇ ನೇರವಾಗಿ ಊಹಿಸುವ ಪ್ರಯತ್ನವೂ ಬೆಂಗಳೂರಿನಲ್ಲಿ ನಡೆದಿದೆ. ಮಿತ್ರ ಬಯೋಟೆಕ್ ಎಂಬ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2015ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಒಂದು ವಿಧಾನ ಪ್ರಕಟಿಸಿದರು. ರೋಗಿಯ ಗೆಡ್ಡೆಯ ಚೂರನ್ನು ಪ್ರಯೋಗಾಲಯದಲ್ಲಿ ಜೀವಂತವಾಗಿ ಇಡ್ತಾರೆ. ಅದಕ್ಕೆ ಆಸರೆಯಾಗಿ ಗೆಡ್ಡೆಗೆ ಹೊಂದುವಂಥ ಹಾಸು, ಜೊತೆಗೆ ಅದೇ ರೋಗಿಯ ರಕ್ತದ ಸೀರಮ್. ಗೆಡ್ಡೆಗೆ ತಾನಿನ್ನೂ ಆ ದೇಹದೊಳಗೇ ಇದ್ದೀನಿ ಅನ್ನಿಸಬೇಕು, ಹಾಗೆ. ಆಮೇಲೆ ಔಷಧಿ ಹಾಕಿ, ಜೀವಕೋಶಗಳು ಸಾಯುತ್ತವಾ, ಬೆಳೆಯೋದು ನಿಲ್ಲಿಸುತ್ತವಾ ಅಂತ ಅಳೆಯುತ್ತಾರೆ. ಈ ಅಳತೆಗಳನ್ನು ಮಷೀನ್ ಲರ್ನಿಂಗ್ ಒಂದೇ ಅಂಕಕ್ಕೆ ಇಳಿಸುತ್ತೆ.

ಯಂತ್ರ ಕಲಿತದ್ದು ತಲೆ-ಕುತ್ತಿಗೆ ಮತ್ತು ದೊಡ್ಡಕರುಳಿನ ಕ್ಯಾನ್ಸರ್‌ನ 109 ರೋಗಿಗಳಿಂದ. ಪರೀಕ್ಷೆ ಬರೆದದ್ದು ಅದು ಹಿಂದೆ ನೋಡಿರದ 55 ರೋಗಿಗಳ ಮೇಲೆ. ಔಷಧಿ ನಿಜವಾಗಿ ಹಿಡಿದ ಯಾರನ್ನೂ ಅದು ಕೈಬಿಡಲಿಲ್ಲ, ಅಂದರೆ ಆ ಲೆಕ್ಕದಲ್ಲಿ ಶೇ 100. ಕೇಳೋಕೆ ಪೂರ್ತಿ ಅಂಕ ಬಂದ ಹಾಗಿದೆ. ಆದರೆ 'ಹಿಡಿಯುತ್ತೆ' ಅಂತ ಯಂತ್ರ ಹೇಳಿದ ಎಲ್ಲರಿಗೂ ಹಿಡಿಯಿತು ಅಂತ ಇದರ ಅರ್ಥ ಅಲ್ಲ. ಅದು ಬೇರೆಯೇ ಅಳತೆ. ಎಲ್ಲ ಕಾಯಿಗೂ 'ಕೊಬ್ಬರಿ ಆಗಿದೆ' ಅಂದುಬಿಟ್ಟರೆ ಆಗಿರೋ ಒಂದನ್ನೂ ನೀವು ಬಿಟ್ಟ ಹಾಗಾಗಲ್ಲ, ಆದರೆ ಹಸಿಕಾಯಿಯೂ ಚೀಲಕ್ಕೆ ಸೇರುತ್ತೆ. ಹಾಗಾಗಿ 'ಶೇ ಇಷ್ಟು ನಿಖರ' ಅನ್ನೋ ಶೀರ್ಷಿಕೆ ನೋಡಿದಾಗ ತಡೆದು ಎರಡು ಪ್ರಶ್ನೆ ಕೇಳಿ. ಗುಣ ಆಗುವವರಲ್ಲಿ ಎಷ್ಟು ಜನರನ್ನು ಹಿಡಿಯಿತು? ಗುಣ ಆಗದವರಲ್ಲಿ ಎಷ್ಟು ಜನರಿಗೆ ಸುಳ್ಳು ಭರವಸೆ ಕೊಟ್ಟಿತು? ಮತ್ತೆ, 55 ಅನ್ನೋದು ಚಿಕ್ಕ ಸಂಖ್ಯೆ ಅನ್ನೋದನ್ನೂ ಮರೆಯಬೇಡಿ.

ಊರು ಬದಲಾದರೆ ಲೆಕ್ಕ ತಪ್ಪುತ್ತೆ

ಆಗ ನೆನಪಲ್ಲಿಡಿ ಅಂದೆನಲ್ಲ, ಬೇರೆ ಸೀಮೆಯ ಕಾಯಿ. ಅದಕ್ಕೆ ಈಗ ಬರೋಣ.

2024ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಆಡಮ್ ಚೆಕ್ರೌಡ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಸ್ಕಿಜೋಫ್ರೀನಿಯಾ ಕಾಯಿಲೆಗೆ ಕೊಡುವ ಔಷಧಿಗಳ ಬಗ್ಗೆ ಹಲವು ದೇಶಗಳಲ್ಲಿ ನಡೆದ ಐದು ಪ್ರಯೋಗಗಳ ದಾಖಲೆ ಅವರ ಕೈಲಿತ್ತು. ಒಂದು ಪ್ರಯೋಗದ ರೋಗಿಗಳ ಮೇಲೆ ಯಂತ್ರಕ್ಕೆ ಕಲಿಸಿದರು. ಅದೇ ಪ್ರಯೋಗದೊಳಗೆ ಯಾರಿಗೆ ಗುಣ ಆಗುತ್ತೆ ಅಂತ ಯಂತ್ರ ಚೆನ್ನಾಗಿ ಊಹಿಸಿತು. ಅದೇ ಯಂತ್ರವನ್ನು ಇನ್ನೊಂದು ಪ್ರಯೋಗದ ರೋಗಿಗಳ ಮುಂದೆ ನಿಲ್ಲಿಸಿದರು. ಅದೇ ಕಾಯಿಲೆ, ಅದೇ ಜಾತಿಯ ಔಷಧಿ. ಊಹೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಉತ್ತಮವಾಗಿರಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಕಲಿಸಿ ನೋಡಿದರು. ಬಿಟ್ಟಿದ್ದ ಪ್ರಯೋಗದ ಮೇಲೆ ಆಗಲೂ ಅಷ್ಟೇ.

ಗಮನಿಸಬೇಕಾದ ಮಾತು: ಚೆಕ್ರೌಡ್ ಮಷೀನ್ ಲರ್ನಿಂಗ್ ವಿರೋಧಿ ಅಲ್ಲ. 2016ರಲ್ಲಿ ಖಿನ್ನತೆಯ ಔಷಧಿಯೊಂದು ಯಾರಿಗೆ ಹಿಡಿಯುತ್ತೆ ಅಂತ 25 ಪ್ರಶ್ನೆಗಳಿಂದ ಊಹಿಸುವ ಮಾದರಿಯನ್ನು ಪ್ರಕಟಿಸಿದವರಲ್ಲಿ ಅವರೇ ಮೊದಲಿಗರು. ಆಗಲೂ ನಿಖರತೆ ಸುಮಾರು ಶೇ 65, ಬೇರೆ ಪ್ರಯೋಗದ ರೋಗಿಗಳಿಗೆ ಹೋದಾಗ ಶೇ 60ರ ಆಸುಪಾಸು. ಈ ವಿದ್ಯೆಯನ್ನು ಬಲ್ಲವರೇ ಹೇಳಿದ ಎಚ್ಚರಿಕೆ ಇದು.

ಯಾಕೆ ಹೀಗಾಗುತ್ತೆ? ಪರೀಕ್ಷೆಗೆ ಗೈಡ್ ಬಾಯಿಪಾಠ ಮಾಡಿದ ಹುಡುಗನನ್ನು ನೆನೆಸಿಕೊಳ್ಳಿ. ಅದೇ ಪ್ರಶ್ನೆ ಬಂದರೆ ನೂರಕ್ಕೆ ನೂರು, ಸ್ವಲ್ಪ ತಿರುಚಿ ಕೇಳಿದರೆ ಪೆನ್ನು ಓಡಲ್ಲ. ಯಂತ್ರವೂ ಎಷ್ಟೋ ಸಲ ಕಾಯಿಲೆಯನ್ನು ಕಲಿಯುವ ಬದಲು ಆ ಆಸ್ಪತ್ರೆಯ ಅಭ್ಯಾಸ, ಆ ಊರಿನ ಜನರ ಸ್ಥಿತಿ, ಅಲ್ಲಿ 'ಗುಣ ಆಯಿತು' ಅಂತ ಬರೆದುಕೊಳ್ಳುವ ರೀತಿಯನ್ನೇ ಬಾಯಿಪಾಠ ಮಾಡಿಬಿಡುತ್ತೆ. ಬಾಸ್ಟನ್ನಿನಲ್ಲಿ ಕಲಿತದ್ದು ಬೆಂಗಳೂರಿಗೆ ಬಂದಾಗ ಹೀಗೆ ಆಗಬಹುದು. ಬೆಂಗಳೂರಿನಲ್ಲಿ ಕಲಿತದ್ದು ಕಿಬ್ಬನಹಳ್ಳಿಗೆ ಬಂದಾಗಲೂ ಆಗಬಹುದು. ಯಂತ್ರವನ್ನು ಬೇರೆ ಊರಿನ ರೋಗಿಗಳ ಮೇಲೆ ಒರೆಗೆ ಹಚ್ಚಿದ್ದಾರಾ ಅನ್ನೋದು ಮುಖ್ಯ ಅಂತ ಆಗಲೇ ಹೇಳಿದ್ದು ಇದಕ್ಕೇ.

ದಾಖಲೆಯಲ್ಲಿ ಇಲ್ಲದವರು

ಇನ್ನೊಂದು ತೊಂದರೆ ಇದೆ. ಕೀಮೋ ನಡುವೆ ಯಾರೋ ಬರೋದು ನಿಲ್ಲಿಸಿದರು ಅಂದುಕೊಳ್ಳಿ. ಕಾರಣ ಔಷಧಿ ಅಲ್ಲ. ಬಸ್ಸಿಗೆ ದುಡ್ಡಿಲ್ಲ, ಮನೆಯಲ್ಲಿ ಎಮ್ಮೆ ನೋಡುವವರಿಲ್ಲ, ಕೊಬ್ಬರಿ ಬೆಲೆ ಕುಸಿದಿದೆ. ಆಸ್ಪತ್ರೆಯ ದಾಖಲೆಯಲ್ಲಿ ಉಳಿಯೋದು 'ಚಿಕಿತ್ಸೆ ಪೂರ್ಣಗೊಂಡಿಲ್ಲ' ಅನ್ನೋ ಒಂದು ಸಾಲು. ಇಂಥ ನೂರು ಸಾಲು ಓದಿದ ಯಂತ್ರ ಏನು ಕಲಿಯುತ್ತೆ? ದೂರದ ಹಳ್ಳಿಯವರಿಗೆ ಈ ಚಿಕಿತ್ಸೆ ಹಿಡಿಯಲ್ಲ ಅಂತ. ಬಡತನವನ್ನು ಅದು ದೇಹದ ಗುಣ ಅಂದುಕೊಳ್ಳುತ್ತೆ.

ಇದು ಬರೀ ಕಲ್ಪನೆ ಅಲ್ಲ. 2019ರಲ್ಲಿ ಜಿಯಾದ್ ಓಬರ್‌ಮೈಯರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಬಳಕೆಯಲ್ಲಿದ್ದ ಒಂದು ಅಲ್ಗಾರಿದಮ್ ಪರಿಶೀಲಿಸಿದರು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಹೇಳಲು ಅದು ಹಿಂದಿನ ಆಸ್ಪತ್ರೆ ಖರ್ಚನ್ನೇ ಕಾಯಿಲೆಯ ಅಳತೆ ಮಾಡಿಕೊಂಡಿತ್ತು. ಕಪ್ಪು ಜನರಿಗೆ ಅಷ್ಟೇ ಕಾಯಿಲೆ ಇದ್ದರೂ ಅವರ ಮೇಲೆ ಆಗಿದ್ದ ಖರ್ಚು ಕಡಿಮೆ. ಹಾಗಾಗಿ ಅವರ ಆರೋಗ್ಯ ಚೆನ್ನಾಗಿದೆ ಅಂತ ಯಂತ್ರ ತೀರ್ಮಾನಿಸಿತ್ತು. ಖರ್ಚು ಮಾಡೋಕೆ ಆಗದವರು ಆರೋಗ್ಯವಂತರಾಗಿ ಕಂಡರು, ಅಷ್ಟೇ.

ಇದೇ ಊಹೆಯನ್ನು ಒಳ್ಳೆಯದಕ್ಕೂ ತಿರುಗಿಸಬಹುದು. ಸಾಮಾನ್ಯ ಕ್ಷಯರೋಗಕ್ಕೆ ಆರು ತಿಂಗಳ ಔಷಧಿ, ಮಧ್ಯೆ ಬಿಟ್ಟರೆ ಅಪಾಯ. ರೋಗಿಗಳ ವಿವರ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಇರುತ್ತೆ. ಔಷಧಿ ಮಧ್ಯದಲ್ಲಿ ಬಿಡುವ ಸಾಧ್ಯತೆ ಯಾರಿಗೆ ಹೆಚ್ಚು ಅಂತ ಮೊದಲೇ ಗುರುತಿಸುವ ಕೆಲಸವನ್ನು ಮುಂಬೈನ ವಾಧ್ವಾನಿ ಎಐ ಸಂಸ್ಥೆ ಕೇಂದ್ರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ಜೊತೆ ಮಾಡಿದೆ. ಇಲ್ಲಿ ಊಹೆಯ ಉದ್ದೇಶ ಔಷಧಿ ತಪ್ಪಿಸೋದಲ್ಲ, ಆ ಮನೆಗೆ ಆರೋಗ್ಯ ಕಾರ್ಯಕರ್ತೆ ಇನ್ನೆರಡು ಸಲ ಹೋಗಿಬರೋದು. ಆಕೆ ಹೋಗದಿದ್ದರೆ ಊಹೆ ಎಷ್ಟೇ ಸರಿ ಇದ್ದರೂ ಅದು ಕಂಪ್ಯೂಟರ್‌ನಲ್ಲಿ ಕೂತ ಒಂದು ಅಂಕಿ ಅಷ್ಟೇ.

ಡಾಕ್ಟರ ಹತ್ತಿರ ಕೇಳಬೇಕಾದ ಐದು ಪ್ರಶ್ನೆ

ಹಾಗಾದರೆ ಇಂಥ ಪರೀಕ್ಷೆ ಬೇಡವೇ? ಹಾಗಲ್ಲ. ಬೇಡದ ಕೀಮೋ ತಪ್ಪಿದರೆ ಒಂದು ಸಂಸಾರಕ್ಕೆ ಎಷ್ಟು ದೊಡ್ಡ ಉಪಕಾರ ಅಂತ ಆಗಲೇ ನೋಡಿದೆವು. ಕೇಳಿ ತಿಳಿದು ನಂಬಬೇಕು, ಅಷ್ಟೇ. ಬರೆದಿಟ್ಟುಕೊಳ್ಳಿ.

ಒಂದು: ಈ ಪರೀಕ್ಷೆ ನನ್ನ ಬಗೆಯ, ನನ್ನ ಹಂತದ ಕಾಯಿಲೆಗೇ ಮಾಡಿದ್ದಾ?

ಎರಡು: ಇದು ಯಾರ ಮೇಲೆ ಕಲಿತದ್ದು? ನಮ್ಮ ದೇಶದವರು, ನನ್ನ ವಯಸ್ಸಿನವರು ಅದರಲ್ಲಿ ಇದ್ದರಾ? ಕಲಿತ ಜಾಗ ಬಿಟ್ಟು ಬೇರೆ ಕಡೆಯ ರೋಗಿಗಳ ಮೇಲೂ ಪರೀಕ್ಷಿಸಿದ್ದಾರಾ?

ಮೂರು: ಇದು ಕಾಯಿಲೆಯ ಮುಂದಿನ ದಾರಿ ಹೇಳುತ್ತಾ, ಔಷಧಿಯಿಂದ ಆಗೋ ಲಾಭ ಹೇಳುತ್ತಾ?

ನಾಲ್ಕು: 'ಕಡಿಮೆ ಅಪಾಯ' ಅಂದರೆ ನನ್ನಂಥ 100 ಜನರಲ್ಲಿ ಎಷ್ಟು ಜನಕ್ಕೆ ತೊಂದರೆ ಆಗುತ್ತೆ? ಶೇಕಡಾವಾರು ಬೇಡ, ತಲೆ ಎಣಿಸಿ ಹೇಳಿ ಅಂತ ಕೇಳಿ. ಹಾಗೆ ಹೇಳಿದಾಗ ಯಾರಿಗಾದರೂ ಅರ್ಥ ಆಗುತ್ತೆ.

ಐದು: ಫಲಿತಾಂಶ ಹೇಗೇ ಬಂದರೂ ನೀವು ಕೊಡುವ ಚಿಕಿತ್ಸೆ ಬದಲಾಗುತ್ತಾ? ಬದಲಾಗಲ್ಲ ಅಂದರೆ ಆ ಪರೀಕ್ಷೆಗೆ ದುಡ್ಡು ಯಾಕೆ ಹಾಕಬೇಕು? ಬದಲಾಗುತ್ತೆ ಅಂದರೆ ಖರ್ಚು ಎಷ್ಟು, ಯಾವ ಯೋಜನೆಯಲ್ಲಿ ಸಿಗುತ್ತೆ ಅಂತಲೂ ಅಲ್ಲೇ ಕೇಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಈ ಸಂಚಿಕೆ ಕೇಳಿ ಯಾರೂ ನಡೆಯುತ್ತಿರುವ ಚಿಕಿತ್ಸೆಯನ್ನು ತಾವಾಗೇ ನಿಲ್ಲಿಸಬೇಡಿ. ಪ್ರಶ್ನೆ ಕೇಳೋದಕ್ಕೂ ಔಷಧಿ ಬಿಡೋದಕ್ಕೂ ತುಂಬಾ ದೂರ. ಐದು ಪ್ರಶ್ನೆಗೂ ಕೂತು ಉತ್ತರ ಕೊಡುವ ಡಾಕ್ಟರು ಸಿಕ್ಕರೆ, ಹಿರಿಯರು ಕೈಗುಣ ಅಂತಿದ್ದದ್ದರಲ್ಲಿ ಅರ್ಧ ಭಾಗ ಅದೇ ಇರಬಹುದು.